ಶಿವಲೀಲಾ ಮನೆಯ ದನಿಡಬ್ಬಿ

ಡೋಣಿ ಹೊಳೆ ಹರಿಯದ ನೂರಾ ಹದಿನಾರನೆಯ ವರ್ಷ,
ಎರಡನೆಯ ಗಾಳಿತಿಂಗಳು, ಮುಂಜಾನೆ.
ಹಗೇವುಕೇರಿ.

ನಮ್ಮ ಮನೆಯ ಮೂಲದನಿಯಾದ ದಾನೇಶ್ವರಿ ಆಯಿಗೆ, ನಿನ್ನ ಮೊಮ್ಮಗಳ ಮೊಮ್ಮಗಳು ಕಾಶವ್ವ ಮಾಡುವ ಶರಣು.

ನನ್ನ ಮಾತಿನ ರೀತಿಗೆ ಮೊದಲೇ ಕ್ಷಮೆ ಕೇಳುತ್ತೇನೆ. ನಿನ್ನ ಕಾಲದಲ್ಲಿ ಇಲ್ಲದ ಪದಗಳು ಇದರಲ್ಲಿ ಬರುತ್ತವೆ. ನಿನ್ನ ಕಾಲದಲ್ಲಿದ್ದ ಎಷ್ಟೋ ಪದಗಳು ನನಗೆ ಗೊತ್ತಿಲ್ಲ. ಬಸ್ಸು, ಮಿಕ್ಸರ್, ಶನಿವಾರ ಎಂದರೆ ಏನೆಂದು ಯಾರಾದರೂ ಕೇಳಿದರೆ ದೊಡ್ಡಸ್ತಿಕೆಯಿಂದ ಏನೋ ಒಂದು ಹೇಳುತ್ತೇನೆ, ಅವರೂ ನಂಬುತ್ತಾರೆ. ಇನ್ನೊಂದು ಪೇಚು ನಮ್ಮಿಬ್ಬರ ವಯಸ್ಸಿನದು. ಸಂಬಂಧದಲ್ಲಿ ನೀನು ನನ್ನ ಆಯಿಗೂ ಆಯಿ. ಆದರೆ ಈ ಓಲೆ ಮುಟ್ಟುವ ಹೊತ್ತಿಗೆ ನಿನಗೆ ಮೂವತ್ತು ದಾಟಿರುವುದಿಲ್ಲ, ನನಗೋ ಹಲ್ಲು ಉದುರಿ ವರ್ಷಗಳಾದವು. ಕಾಲಿಗೆ ಬೀಳಬೇಕೋ ತಲೆಯ ಮೇಲೆ ಕೈ ಇಡಬೇಕೋ ತಿಳಿಯದೆ ಎರಡನ್ನೂ ಮಾಡಿದ್ದೇನೆಂದು ತಿಳಿದುಕೋ. ನಮ್ಮಲ್ಲಿ ಆಯಿಗೆ ನೀನು ಎಂದೇ ಅನ್ನುತ್ತಾರೆ, ಅದಕ್ಕೆ ಸಿಟ್ಟಾಗಬೇಡ.

ಹಿಂದಿನವರಿಗೆ ಬರೆಯುವ ಇಂಥ ಓಲೆಗೆ ಹಿನ್ನೋಲೆ ಎಂದು ಹೆಸರು. ಮನೆಯವರು ಯಾರಾದರೂ ಗಾಳಿಯಲ್ಲಿ ಹೊರಗೆ ಸಿಕ್ಕಿಕೊಂಡಾಗ, ಬಾಗಿಲಲ್ಲಿ ದನಿಡಬ್ಬಿ ಕಾಯುತ್ತ ಕುಳಿತವರಿಗೆ ನಿದ್ದೆ ಹತ್ತಬಾರದೆಂದು ಇದನ್ನು ಬರೆಯುವ ಪದ್ಧತಿ ಬಂದಿದೆ. ಬರೆದದ್ದನ್ನು ಹಗೇವಿನ ತಳದ ಬಿರುಕಿನಲ್ಲಿ ತುರುಕುತ್ತೇವೆ. ಹಗೇವಿನಲ್ಲಿ ಮೊದಲು ಸುರಿದ ಕಾಳು ತಳದಲ್ಲಿರುತ್ತದೆ, ಆಮೇಲೆ ಸುರಿದದ್ದು ಮೇಲಿರುತ್ತದೆ. ಕಾಲವೂ ಹಾಗೇ ಅಂತೆ. ನೀವು ತಳದಲ್ಲಿದ್ದೀರಿ, ನಾವು ಮೇಲಿದ್ದೇವೆ, ತಳಕ್ಕೆ ಹಾಕಿದ್ದು ನಿಮಗೆ ಮುಟ್ಟುತ್ತದೆ ಎಂದು ಹಿರಿಯರ ಮಾತು. ಯಾವ ಓಲೆಗೂ ಇದುವರೆಗೆ ಉತ್ತರ ಬಂದಿಲ್ಲ. ಬರುತ್ತದೆಂದು ನಾನೂ ನಂಬಿಲ್ಲ. ಆದರೆ ಇವತ್ತು ಹೊರಗೆ ಸಿಕ್ಕಿಕೊಂಡಿರುವವಳು ನನ್ನ ಒಬ್ಬಳೇ ಮಗಳು ನಿಂಬೆವ್ವ, ಕೈ ಸುಮ್ಮನಿದ್ದರೆ ಮನಸ್ಸು ಏನೇನೋ ಆಡುತ್ತದೆ, ಅದಕ್ಕೆ ಬರೆಯುತ್ತಿದ್ದೇನೆ.

ನಮ್ಮ ಬದುಕು ಹೇಗಿದೆ ಎಂದು ಹೇಳದೆ ಹೋದರೆ ನಿನಗೆ ತಲೆಬುಡ ತಿಳಿಯುವುದಿಲ್ಲ. ನಿಮ್ಮ ಹಿರಿಯರು ನೆಲದಲ್ಲಿ ಕೊಡದ ಆಕಾರದ ಗುಂಡಿ ತೋಡಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಇಡುತ್ತಿದ್ದರಲ್ಲ, ಆ ಹಗೇವುಗಳಲ್ಲಿ ನಾವು ಸಂಸಾರ ಮಾಡುತ್ತೇವೆ. ಕಾಳು ಮುಗಿದು ಖಾಲಿ ಬಿದ್ದವನ್ನು ನಮ್ಮ ಅಜ್ಜಂದಿರು ಅಗಲ ಮಾಡಿ, ಏಣಿ ಇಳಿಬಿಟ್ಟು ಒಳಗೆ ಸೇರಿಕೊಂಡರು. ಮೇಲೆ ಇರುವುದಕ್ಕೆ ಆಗುವುದಿಲ್ಲ. ಡೋಣಿ ಹರಿದರೆ ಓಣಿ ತುಂಬ ಕಾಳು ಎಂದು ನೀವು ಅನ್ನುತ್ತಿದ್ದಿರಂತೆ. ಡೋಣಿ ನಿಂತಿತು, ಬೇರು ಹಿಡಿಯುವ ಗಿಡ ಒಂದೂ ಉಳಿಯಲಿಲ್ಲ, ನಿಮ್ಮ ಹೆಮ್ಮೆಯ ಎರೆಮಣ್ಣು ಸಡಿಲಾಗಿ ಮೇಲಕ್ಕೆದ್ದಿತು. ಅದು ಎದ್ದಾಗ ಎರೆಗಾಳಿ ಎನ್ನುತ್ತೇವೆ. ನಟ್ಟ ನಡುಹಗಲಿನಲ್ಲಿ ಸ್ವಂತ ಕೈ ಸ್ವಂತ ಕಣ್ಣಿಗೆ ಕಾಣುವುದಿಲ್ಲ. ಮನೆಯ ಬಾಗಿಲು ಎಂದರೆ ಬಯಲಿನಲ್ಲಿ ಒಂದು ತೂತು. ಅದರ ಪಕ್ಕದಲ್ಲೇ ಹಾದು ಹೋದರೂ ಗೊತ್ತಾಗುವುದಿಲ್ಲ. ಹಗ್ಗ ಕಟ್ಟಿ ನೋಡಿದರು, ಮಣ್ಣು ಹೂತುಹಾಕಿತು. ಗಂಟೆ ಬಡಿದು ನೋಡಿದರು, ಯಾವ ಮನೆಯದೋ ತಿಳಿಯದೆ ಜನ ಗಿರಗಿರ ಸುತ್ತಿದರು. ಕೊನೆಗೆ ಉಳಿದದ್ದು ನಿಮ್ಮ ಡಬ್ಬಿ.

ನೀನು ಸ್ಪೀಕರ್ ಎಂದು ಕರೆಯುವುದನ್ನು ನಾವು ದನಿಡಬ್ಬಿ ಎನ್ನುತ್ತೇವೆ. ಹಗೇವಿನ ಬಾಯಿಯ ಹತ್ತಿರ ಒಂದು ಕಂಬ, ಕಂಬಕ್ಕೆ ಡಬ್ಬಿ. ಗಾಳಿ ಎದ್ದರೆ ಅದನ್ನು ಹಚ್ಚುತ್ತಾರೆ. ಊರ ಹೊರಗಿನಿಂದ ಬರುವವರು ದಾರಿಗೆ ನೆಟ್ಟ ಕಲ್ಲುಸಾಲನ್ನು ಕಾಲಿನಿಂದ ತಡವಿಕೊಂಡು ಕೇರಿಯ ತನಕ ಬರುತ್ತಾರೆ. ಕೊನೆಯ ಕಲ್ಲಿನ ಮೇಲೆ ನಿಂತು ಕಿವಿ ಕೊಡುತ್ತಾರೆ, ತಮ್ಮ ಮನೆಯ ದನಿ ಎಲ್ಲಿಂದ ಬರುತ್ತದೋ ಅಲ್ಲಿಗೆ ನಡೆಯುತ್ತಾರೆ. ಪ್ರತಿ ಮನೆಗೂ ಒಂದೊಂದು ಕರೆ. ಹೊಸ ದನಿ ತುಂಬುವ ವಿದ್ಯೆ ನಮಗೆ ಉಳಿದಿಲ್ಲವಾದ್ದರಿಂದ, ಹಳೆಯ ಕಾರ್ಡುಗಳಲ್ಲಿ ಏನು ಸಿಕ್ಕಿತೋ ಅದೇ ಮನೆಯ ಕರೆ. ಒಂದು ಮನೆಗೆ ಲಿಂಬೆಹಣ್ಣಿನ ಹರಾಜಿನ ಸವಾಲು ಕೂಗುವವನ ದನಿ ಸಿಕ್ಕಿತ್ತು. ಪಕ್ಕದ ಲಾಡ್ಲೇಸಾಬನ ಮನೆಗೆ ಸಿಂದಗಿ, ಸಿಂದಗಿ, ಸಿಂದಗಿ ಎಂದು ಯಾರೋ ಬಸ್ಸಿನವನು ಒದರುವುದು ಸಿಕ್ಕಿತ್ತು. ಆ ಮನೆಯವರಿಗೆಲ್ಲ ಸಿಂದಗಿಯವರು ಎಂದೇ ಹೆಸರು. ಸಿಂದಗಿ ಎಲ್ಲಿತ್ತು ಎಂದು ಅವರ ಮನೆದೇವರಿಗೂ ಗೊತ್ತಿಲ್ಲ.

ನಮಗೆ ನೀನು ಸಿಕ್ಕೆ. ಈ ಮನೆಯ ಕಾರ್ಡಿನಲ್ಲಿ ಮೂರು ತುಣುಕುಗಳಿವೆ, ಡಬ್ಬಿ ಅವನ್ನು ಸರದಿಯಂತೆ ನುಡಿಯುತ್ತ ಹೋಗುತ್ತದೆ. ಮೊದಲನೆಯದು ನೀನು ವಿಜಯಪುರದ ಅಂಗಡಿಯಲ್ಲಿ ಈ ಡಬ್ಬಿಯನ್ನೇ ಆರಿಸುತ್ತ ನಿಂತಾಗಿನ ಮಾತು. ಎರಡನೆಯದು ಕರೆ. ಒಲೆಯ ಮುಂದಿನಿಂದ ಎದ್ದು ಹೋಗಲಾರದೆ, ಕೂಗಿ ಕೂಗಿ ಗಂಟಲು ಹೋಗುತ್ತದೆಂದು, ಓಣಿಯಲ್ಲಿ ಆಡುವ ಮಗಳನ್ನು ಕರೆಯಲು ನೀನು ತುಂಬಿಟ್ಟದ್ದು ಅದು. "ಶಿವಲೀಲಾ, ಬಾರವ್ವ ಒಳಗ. ರೊಟ್ಟಿ ಆರಾಕತ್ತಾವ. ಎಷ್ಟ ಸಲ ಕರೀಬೇಕ ನಿನ್ನ." ಮೂರನೆಯದು ಬರಿಯ ರೊಟ್ಟಿ ಬಡಿಯುವ ಸಪ್ಪಳ, ಅದನ್ನು ಯಾಕೆ ಹಿಡಿದಿಟ್ಟೆಯೋ ನಿನಗೇ ಗೊತ್ತು. ಈ ಮನೆಯಲ್ಲಿ ಹುಟ್ಟಿದವರು, ಈ ಮನೆಗೆ ಬಂದವರು, ಮೀಸೆ ಬಂದ ಗಂಡಸರು, ಮುಪ್ಪಿನ ಮುದುಕರು, ಎಲ್ಲರೂ ಗಾಳಿಯಲ್ಲಿ ಶಿವಲೀಲಾಗಳೇ. ನೂರು ವರ್ಷದಿಂದ ಅವರನ್ನೆಲ್ಲ ನೀನು ಗದರಿಸಿ ಮನೆಗೆ ಕರೆತಂದಿದ್ದೀಯ.

ಅಂಗಡಿಯ ಮಾತು ನಮ್ಮ ಮನೆಯಲ್ಲಿ ಹಸುಗೂಸಿಗೂ ಬಾಯಿಪಾಠ. ಮದುವೆಯಲ್ಲಿ ಅದನ್ನು ಇಬ್ಬರು ನಿಂತು ಆಡಿ ತೋರಿಸುವುದುಂಟು. ಅಂಗಡಿಯವನು ಮೊದಲು ದೊಡ್ಡದೊಂದನ್ನು ಮುಂದಿಡುತ್ತಾನೆ. "ಅಕ್ಕಾರ, ಇದನ್ನ ತಗೋರಿ. ಬೇಸ್ ಕೇಳ್ರಿ ಇದರದು, ಎದಿ ನಡಗ್ತದ." ಅದಕ್ಕೆ ನೀನು, "ನನ್ನ ಎದಿ ನಡಗಸಾಕ ನಮ್ಮ ಅತ್ತಿ ಅದಾರ. ಅದಕ್ಕ ಡಬ್ಬಿ ಯಾಕ ಬೇಕು." ಅವನು ಬಿಡುವುದಿಲ್ಲ. "ನೀರಾಗ ಬಿದ್ರೂ ಏನೂ ಆಗಂಗಿಲ್ರಿ." ನೀನು, "ನಾ ರೊಟ್ಟಿ ಬಡಿಯಾಕಿ, ಈಸಾಕ ಹೋಗಾಕಿ ಅಲ್ಲ." ಈಸುವಷ್ಟು ನೀರನ್ನು ನಮ್ಮಲ್ಲಿ ಯಾರೂ ನೋಡಿಲ್ಲ, ಆದರೂ ಅಲ್ಲಿಗೆ ಬಂದಾಗ ಎಲ್ಲರೂ ನಗುತ್ತಾರೆ. ಆಮೇಲೆ ಅವನು ಹಾಡು ಹಚ್ಚಲು ಹೋದರೆ ನೀನು ತಡೆಯುತ್ತೀಯ. "ಹಾಡ ಹಚ್ಚಬ್ಯಾಡ. ಹಾಡ ಎಲ್ಲಾದ್ರಾಗೂ ಚಂದನ ಕೇಳ್ತದ. ಮಾತು ಹಚ್ಚು. ನಮ್ಮ ಕೇಂದ್ರದಾಗ ಆರು ಮಂದಿ ರೊಟ್ಟಿ ಬಡೀತೀವಿ, ಆ ಸಪ್ಪಳದಾಗ ಮಾತು ತಿಳೀಬೇಕ ನನಗ." ಬಂದಾಗಿನಿಂದ ನಿಮ್ಮ ಮಾತನ್ನೇ ಹಿಡಿಯುತ್ತಿದ್ದೇನೆ, ಅದನ್ನೇ ಕೇಳಿಸುತ್ತೇನೆ ಎಂದು ಅವನು ಅನ್ನುತ್ತಾನೆ. ನಿನ್ನ ಫೋನಿನಲ್ಲಿ ಅವನು ಹಾಗೆ ಹಿಡಿದದ್ದರಿಂದಲೇ ಇದೆಲ್ಲ ನಮಗೆ ಉಳಿಯಿತು.

ಆಮೇಲೆ ಅವನು ತೆಗೆದ ಚಿಕ್ಕ ಡಬ್ಬಿಯ ಬಗ್ಗೆ ನೀನು ಕೇಳಿದ ಒಂದೊಂದು ಪ್ರಶ್ನೆಯೂ ನನಗೆ ಇವತ್ತು ಎದೆಗೆ ತಾಗುತ್ತದೆ. "ಗುಂಡಿ ಎಲ್ಲಿ ಅದಾವ? ಹಿಟ್ಟಿನ ಕೈಲೆ ಒತ್ತಾಕ ಬರ್ತಾವಿಲ್ಲ?" ಕಣ್ಣು ಕಾಣದ ಗಾಳಿಯಲ್ಲಿ ನಾವು ಆ ಉಬ್ಬು ಗುಂಡಿಗಳನ್ನು ಬೆರಳಿನಿಂದಲೇ ಹುಡುಕುತ್ತೇವೆ. "ಗೂಟಕ್ಕ ಹಾಕಾಕ ಕೊಂಡಿ ಅದ ಏನು?" ಅದೇ ಕೊಂಡಿಯಿಂದ ಈಗ ಕಂಬಕ್ಕೆ ತೂಗಿದೆ. "ಫೋನ್ ಮಗಳ ಕಡೆ ಇದ್ರ ಇದು ಸುಮ್ನ ಕುಂದರ್ತದ?" ಎಂದು ಕೇಳಿದಾಗ ಅವನು ಕಾರ್ಡು ಹಾಕುವ ಸೀಳನ್ನು ತೋರಿಸಿದ. ಕೊನೆಗೆ ನೀನು ಡಬ್ಬಿಯನ್ನು ಬೋರಲು ಹಾಕಿ, "ಹಿಂದ ಸ್ಕ್ರೂ ಅದಾವ? ನಮ್ಮ ಮಿಕ್ಸರ್ ಬಿಚ್ಚಾಕ ಬರಲಾರ್ದಕ್ಕ ತಿಪ್ಪಿಗೆ ಒಗದೀನಿ" ಎಂದೆ. ಅವನಿಗೆ ನಗು. "ಅಕ್ಕಾರ, ಸ್ಕ್ರೂ ನೋಡಿ ಸ್ಪೀಕರ್ ತಗೊಳ್ಳೋರನ್ನ ನಿಮ್ಮನ್ನೇ ನೋಡಿದೆ." ನಗಲಿ ಪಾಪ. ಬ್ಲೂಟೂತ್ ಎನ್ನುವ ಮಾತು ಅವನ ಬಾಯಲ್ಲಿ ಮತ್ತೆ ಮತ್ತೆ ಬರುತ್ತದೆ. ತಂತಿಯಿಲ್ಲದೆ ಫೋನಿಗೂ ಡಬ್ಬಿಗೂ ಇದ್ದ ಸಂಬಂಧ ಅದು ಎಂದು ನನ್ನ ಅವ್ವ ಹೇಳಿಕೊಟ್ಟಿದ್ದಾಳೆ. ಫೋನುಗಳು ಸತ್ತವು, ಸಂಬಂಧ ಮುಗಿಯಿತು. ಆದರೂ ಕಾರ್ಡು ಹಾಕುವ ತನಕ ಡಬ್ಬಿಯಲ್ಲಿ ಒಂದು ನೀಲಿ ಬೆಳಕು ಮಿಣಕ್ ಮಿಣಕ್ ಎನ್ನುತ್ತ ಹುಡುಕುತ್ತಲೇ ಇರುತ್ತದೆ, ಗಂಡ ಸತ್ತ ಸುದ್ದಿ ಮುಟ್ಟದ ಹೆಂಗಸಿನ ಹಾಗೆ.

ಆ ತುಣುಕು ನೀನು ಆರಿಸುವ ಮೊದಲೇ ಮುಗಿದುಬಿಡುತ್ತದೆ. "ಎರಡೂ ಬಾಜೂ ಬಾಜೂ ಇಡು. ನೋಡ್ತೀನಿ." ಅಲ್ಲಿಗೆ ಕಟ್. ಈ ಓಲೆಯನ್ನು ನಾನು ಬರೆಯುತ್ತಿರುವುದು ಆ ಘಳಿಗೆಯಲ್ಲಿ ನಿಂತಿರುವ ನಿನಗೆ. ನನ್ನ ಬೇಡಿಕೆ ಇಷ್ಟೇ: ದೊಡ್ಡದಕ್ಕೆ ಮರುಳಾಗಬೇಡ, ಚಿಕ್ಕದನ್ನೇ ಕೊಳ್ಳು. ಕೊಂಡಿದ್ದೀಯ ಎಂದು ನನಗೆ ಗೊತ್ತು, ಕಂಬದ ಮೇಲೆ ಅದು ಮಾತಾಡುತ್ತಲೇ ಇದೆ. ಆದರೂ ಒಂದು ವೇಳೆ ಮನಸ್ಸು ಬದಲಾಯಿಸಿಬಿಟ್ಟರೆ ನಾವೆಲ್ಲ ಇಲ್ಲವಾಗುತ್ತೇವೇನೋ ಎಂಬ ಹುಚ್ಚು ಹೆದರಿಕೆ ನನಗೆ. ಕಸಗುಡ್ಡ ಎಂದು ನಿಮ್ಮ ಊರಿನ ಹಳೆಯ ತಿಪ್ಪೆ ಇದೆ. ಅಲ್ಲಿ ನುಣ್ಣಗೆ, ಚಂದಗೆ, ಎಲ್ಲೂ ಸೀಳಿಲ್ಲದೆ ಅಂಟು ಹಾಕಿ ಮುಚ್ಚಿದ ಡಬ್ಬಿಗಳು ರಾಶಿ ರಾಶಿ ಸಿಗುತ್ತವೆ. ಅವಕ್ಕೆ ಮೂಕಡಬ್ಬಿ ಎನ್ನುತ್ತೇವೆ. ಬಿಚ್ಚಿದರೆ ಒಡೆಯುತ್ತವೆ, ಬಿಚ್ಚದಿದ್ದರೆ ಬದುಕುವುದಿಲ್ಲ. ಕೂರುವ ಮಣೆ ಮಾಡಿಕೊಂಡಿದ್ದೇವೆ.

ದೊಡ್ಡದರ ಕಥೆಯನ್ನೂ ಕೇಳು. ನನ್ನ ಗಂಡ ರಾಚಪ್ಪ ಈ ಮನೆಗೆ ಮನೆಯಳಿಯನಾಗಿ ಬಂದವನು. ಆಳು ಕಟ್ಟುಮಸ್ತು, ಮಾತು ಮೃದು, ಆದರೆ ಕೇರಿಯವರ ಮುಂದೆ ಶಿವಲೀಲಾ ಎಂದು ಕರೆಸಿಕೊಳ್ಳುವುದು ಅವನಿಗೆ ಹಿಡಿಸುತ್ತಿರಲಿಲ್ಲ. ಅದರಲ್ಲೂ ಆ ಕೀರಲು ದನಿಯಲ್ಲಿ. ಒಂದು ದಿನ ಕಸಗುಡ್ಡದಿಂದ ಗುಡುಗುಡಬ್ಬಿಯೊಂದನ್ನು ಹೆಗಲ ಮೇಲೆ ಹೊತ್ತು ತಂದ. ಕಾರ್ಡಿನ ಸೀಳು ಇತ್ತು, ಸೆಲ್ಲು ಗಟ್ಟಿಯಿತ್ತು. ಹಚ್ಚಿದರೆ ನಿನ್ನ ದನಿ ಗೌಡರ ಮನೆಯ ಯಜಮಾನಿಯ ದನಿಯಾಯಿತು. ನೆಲ ನಡುಗಿತು, ಕೇರಿಯೆಲ್ಲ ಬಂದು ನೋಡಿತು. ಮುಂದಿನ ಗಾಳಿಯಲ್ಲಿ ರಾಚಪ್ಪ ಹೊರಗಿದ್ದ. ದನಿ ದೂರ ದೂರಕ್ಕೆ ಹೋಯಿತು, ಅವನಿಗೂ ಕೇಳಿಸಿತು. ಆದರೆ ದಪ್ಪ ದನಿಗೆ ದಿಕ್ಕಿಲ್ಲ. ಅದು ಎದುರಿನಿಂದಲೂ ಬರುತ್ತದೆ, ಬೆನ್ನಿನಿಂದಲೂ ಬರುತ್ತದೆ, ನೆಲದೊಳಗಿನಿಂದಲೂ ಬರುತ್ತದೆ. ಗಾಳಿ ನಿಂತ ಮೇಲೆ ಅವನ ಹೆಣ ಸಿಕ್ಕಿದ್ದು ನಮ್ಮ ಬಾಗಿಲಿನ ಹತ್ತಿರವೇ. ಸುತ್ತಲೂ ಗಾಣದೆತ್ತಿನ ಹಾಗೆ ತಿರುಗಿದ, ಅರೆ ಮುಚ್ಚಿದ ಹೆಜ್ಜೆಗಳಿದ್ದವು. ಆ ದಿನವೇ ನಾನು ನಿನ್ನ ಕೀರಲು ಡಬ್ಬಿಯನ್ನು ಮತ್ತೆ ಕಂಬಕ್ಕೆ ಹಾಕಿದೆ. ತೆಳ್ಳನೆಯ ದನಿ, ಒಂದೇ ಬಾಯಿ, ಒಂದೇ ದಿಕ್ಕು. ಅಂಗಡಿಯವನಿಗೆ ಇದನ್ನೂ ಹೇಳಿಬಿಡು.

ಈಗಿನ ಕಷ್ಟಕ್ಕೆ ಮಾತ್ರ ನಿನ್ನ ಜಾಣತನವೂ ಸಾಲದು. ಸ್ಕ್ರೂ ಬಿಚ್ಚಿ ಸೆಲ್ಲು ಬದಲಿಸುತ್ತ ಬಂದೆವು. ನನ್ನ ಆಯಿ ಬದಲಿಸಿದಳು, ಅವ್ವ ಬದಲಿಸಿದಳು, ನಾನು ಬದಲಿಸಿದೆ. ಆದರೆ ಸೆಲ್ಲು ಎನ್ನುವುದು ಬಳಸಿದರೂ ಸಾಯುತ್ತದೆ, ಬಳಸದೆ ಇಟ್ಟರೂ ಸಾಯುತ್ತದೆ. ಕಸಗುಡ್ಡದಲ್ಲಿ ನೀವು ಬಿಟ್ಟು ಹೋದವು ಒಂದೊಂದಾಗಿ ಉಬ್ಬಿ, ಸೋರಿ, ಮುಗಿದವು. ಹೊಸದನ್ನು ಮಾಡುವವರು ಭೂಮಿಯ ಮೇಲೆ ಎಲ್ಲಾದರೂ ಇದ್ದಾರೋ ಇಲ್ಲವೋ, ಇದ್ದರೂ ನಮಗೆ ಸುದ್ದಿಯಿಲ್ಲ. ಸೆಲ್ಲು ತುಂಬುವ ಬಿಸಿಲುಹಲಗೆಗಳು ಕೆಲವು ಕೆಲಸ ಮಾಡುತ್ತವೆ. ಬಿಸಿಲಿದ್ದಾಗ ಡಬ್ಬಿ ಬೇಕಾಗುವುದಿಲ್ಲ, ಡಬ್ಬಿ ಬೇಕಾದಾಗ ಬಿಸಿಲಿರುವುದಿಲ್ಲ. ಲಿಂಬೆಯ ಸವಾಲು ನಿಂತಿತು. ಕಳೆದ ಮಳೆಯಿಲ್ಲದ ಮಳೆಗಾಲದಲ್ಲಿ ಸಿಂದಗಿಯೂ ನಿಂತಿತು, ಲಾಡ್ಲೇಸಾಬ ಆ ದಿನ ಊಟ ಮಾಡಲಿಲ್ಲ. ಕೇರಿಯಲ್ಲಿ ಮಾತಾಡುವ ಡಬ್ಬಿ ಈಗ ನಮ್ಮದೊಂದೇ. ಇಡೀ ಕೇರಿ ನಿನ್ನ ಕರೆಗೇ ನಮ್ಮ ಬಾಗಿಲಿಗೆ ಬಂದು, ಗಾಳಿ ನಿಲ್ಲುವ ತನಕ ನಮ್ಮ ಹಗೇವಿನಲ್ಲಿ ಕುಳಿತು ಹೋಗುತ್ತದೆ. ಲಾಡ್ಲೇಸಾಬ ಏಣಿ ಇಳಿಯುತ್ತ, "ಬಂದಾಳ ನೋಡ್ರಿ ನಿಮ್ಮ ಶಿವಲೀಲಾ, ರೊಟ್ಟಿ ಆರ್ಯಾವೇನು" ಎಂದು ಗಡ್ಡ ಕೊಡವುತ್ತಾನೆ.

ಅವನಿಗೆ ಗೊತ್ತಿರುವುದು ನನಗೂ ಗೊತ್ತಿತ್ತು, ನಿಂಬೆವ್ವನಿಗೂ ಗೊತ್ತಿತ್ತು. ನಮ್ಮ ಸೆಲ್ಲು ಹೊಟ್ಟೆ ಉಬ್ಬಿಸಿಕೊಂಡಿದೆ. ಇನ್ನೊಂದು ಗಾಳಿ ತಾಳುವುದು ಅನುಮಾನ. ಇವತ್ತು ಬೆಳಕು ಹರಿಯುವಾಗ ಆಕಾಶ ತಿಳಿಯಾಗಿತ್ತು. ಅವಳು ತಲೆಗೆ ಬಟ್ಟೆ ಸುತ್ತಿಕೊಂಡು ಕಸಗುಡ್ಡಕ್ಕೆ ಹೊರಟಳು, ಕೆಳಗಿನ ಪದರದಲ್ಲಿ ಒಂದಾದರೂ ಜೀವವಿರುವ ಸೆಲ್ಲು ಸಿಕ್ಕೀತೆಂದು. ಬೇಡ ಎಂದೆ. "ಯವ್ವಾ, ಡಬ್ಬಿಗೆ ಜೀವ ತಗೊಂಡ ಬರ್ತೀನಿ. ನೀ ಅಳಬ್ಯಾಡ, ಕಣ್ಣೀರ ದಂಡ ಆಗ್ತದ" ಎಂದು ನಕ್ಕಳು. ಯಾರೂ ಕಾಣದ ಹಣ್ಣಿನ ಹೆಸರು ಇಟ್ಟುಕೊಂಡವಳು, ಹುಳಿ ಎಂದರೆ ಏನೆಂದು ತಿಳಿಯದವಳು, ಎಷ್ಟು ನಗುತ್ತಾಳೆ ಗೊತ್ತೇ. ಅವಳು ಹೋದ ಸ್ವಲ್ಪ ಹೊತ್ತಿಗೇ ಮೂಡಣದಲ್ಲಿ ಕಪ್ಪು ಗೋಡೆ ಎದ್ದಿತು. ನಾನು ಏಣಿ ಹತ್ತಿ ಡಬ್ಬಿ ಹಚ್ಚಿದೆ. ನಿನ್ನ ಅಂಗಡಿಯ ಮಾತು ಶುರುವಾಯಿತು. ಅವಳನ್ನು ಮನೆಗೆ ಕರೆಯಬೇಕಾದ ಡಬ್ಬಿಗೆ ಜೀವ ತರಲು ಹೋದವಳನ್ನು ಅದೇ ಡಬ್ಬಿ ಕರೆಯುತ್ತಿದೆ.

ಇಲ್ಲಿ ನಿನಗೆ ನಮ್ಮ ಒಂದು ಕಟ್ಟಳೆ ಹೇಳಬೇಕು. ಎರೆಗಾಳಿಯಲ್ಲಿ ಸಿಕ್ಕವರಿಗೆ ಕಿವಿ ಸುಳ್ಳು ಹೇಳುತ್ತದೆ. ಮಣ್ಣಿನ ಮೊರೆತದಲ್ಲಿ ಎಲ್ಲರಿಗೂ ತಾಯಿಯ ದನಿ ಕೇಳಿಸುತ್ತದೆ. ಹೆಸರು ಹಿಡಿದು ಕರೆಯುತ್ತದೆ, ಅಳುತ್ತದೆ, ಬಾ ಎನ್ನುತ್ತದೆ. ಅದರ ಹಿಂದೆ ಹೋದವರು ಹೊಳೆಯ ಕಂದರದಲ್ಲಿ ಸಿಗುತ್ತಾರೆ. ಆದ್ದರಿಂದ ಉಸಿರಿರುವ ದನಿಗೆ ಓಗೊಡಬೇಡ, ಡಬ್ಬಿಯ ದನಿಗೆ ಮಾತ್ರ ಕಾಲು ಕೊಡು ಎಂದು ಮಕ್ಕಳಿಗೆ ಮಾತು ಬರುವ ಮುಂಚೆ ಕಲಿಸುತ್ತೇವೆ. ಕಲಿಸುವ ಬಗೆಯೂ ಕಠಿಣ. ಗಾಳಿಯಿಲ್ಲದ ದಿನ ಮಗುವಿನ ಕಣ್ಣು ಕಟ್ಟಿ ಬಯಲಲ್ಲಿ ನಿಲ್ಲಿಸುತ್ತಾರೆ. ಒಂದು ಕಡೆ ಡಬ್ಬಿ ನುಡಿಯುತ್ತದೆ, ಇನ್ನೊಂದು ಕಡೆ ಹೆತ್ತವಳೇ ನಿಂತು ಎಷ್ಟು ಮುದ್ದು ಮಾಡಿ ಕರೆಯಬಹುದೋ ಅಷ್ಟು ಮುದ್ದು ಮಾಡಿ ಕರೆಯಬೇಕು. ಡಬ್ಬಿಗೆ ಹೋದ ಮಗುವಿಗೆ ರೊಟ್ಟಿಯ ಚೂರು. ತಾಯಿಗೆ ಬಂದ ಮಗುವಿಗೆ ಪೆಟ್ಟು.

ನಿಂಬೆವ್ವ ಮೊದಲ ಸಲ ನನ್ನ ಕಡೆಗೇ ಓಡಿ ಬಂದಳು. ಎರಡನೆಯ ಸಲವೂ ಬಂದಳು. ಕೈ ಮುಂದೆ ಚಾಚಿಕೊಂಡು, ಎಡವುತ್ತ, ನಗುತ್ತ ಬಂದಳು. ಹೊಡೆದೆ. ಮೂರನೆಯ ಸಲ ನಾನು ನಿಂಬ್ಯಾ, ನನ್ನ ಚಿನ್ನಾ, ಬಾ ಎಂದು ಕರೆದರೆ ಒಂದು ಘಳಿಗೆ ನಿಂತಳು. ನನಗೆ ಬೆನ್ನು ಹಾಕಿ ನಿನ್ನ ಕಡೆಗೆ ನಡೆದಳು. ಕೇರಿಯವರು ಭಲೇ ಎಂದರು. ನನಗೂ ಹೆಮ್ಮೆಯಾಯಿತು, ಸುಳ್ಳು ಯಾಕೆ ಹೇಳಲಿ. ಆ ಪಾಠ ಅವಳನ್ನು ಎಷ್ಟು ಗಾಳಿಗಳಲ್ಲಿ ಉಳಿಸಿದೆಯೋ ಲೆಕ್ಕವಿಲ್ಲ. ಇವತ್ತೂ ಹೊಡೆಯಬೇಕಾಗಿ ಬಂದರೆ ಹೊಡೆಯುತ್ತೇನೆ.

ಸ್ವಲ್ಪ ಹೊತ್ತು ಬರೆಯುವುದನ್ನು ನಿಲ್ಲಿಸಿದ್ದೆ. ಡಬ್ಬಿ ಟುಂಯ್ ಎಂದಿತು. ಸೆಲ್ಲು ಇಳಿದಾಗ ಅದು ಹಾಗೆ ಎನ್ನುತ್ತದೆ. ಲಾಡ್ಲೇಸಾಬ ತನ್ನ ಹಗೇವಿನಿಂದ ನಿನ್ನ ಕರೆ ಹಿಡಿದು ನಮ್ಮಲ್ಲಿಗೆ ಬಂದು ಕುಳಿತಿದ್ದಾನೆ. ನಾನೇ ಹೋಗಿ ಹುಡುಕುತ್ತೇನೆ ಎಂದ. ಎಲ್ಲಿಗೆ ಹೋಗುತ್ತೀಯಪ್ಪ, ನಿನ್ನನ್ನು ಕರೆಯುವುದಕ್ಕೆ ಯಾವ ಡಬ್ಬಿ ಉಳಿಯುತ್ತದೆ ಎಂದು ಗದರಿದೆ. ಇದ್ದೊಬ್ಬಳು ಹೋದಳೆಂದು ಇನ್ನೊಬ್ಬನನ್ನು ಕಳೆದುಕೊಳ್ಳಲೇ. ಅವನು ತಲೆ ತಗ್ಗಿಸಿಕೊಂಡು ಏಣಿಯ ಬುಡದಲ್ಲಿ ಕುಳಿತ. ಸೆಲ್ಲನ್ನು ಅಂಗೈಯಲ್ಲಿ ಬೆಚ್ಚಗೆ ಹಿಡಿದರೆ ಚೂರು ಹೆಚ್ಚು ಬಾಳುತ್ತದೆ ಎಂದು ಯಾರೋ ಹೇಳಿದ್ದು ನೆನಪಾಯಿತು. ಏಣಿ ಹತ್ತಿ, ಕಂಬದ ಡಬ್ಬಿಯ ಬೆನ್ನನ್ನು ಸೆರಗಿನಿಂದ ಸುತ್ತಿ ಎದೆಗೆ ಒತ್ತಿಕೊಂಡು ನಿಂತಿದ್ದೆ. ನೀನು ನನ್ನ ಎದೆಯ ಮೇಲೇ ಮಾತಾಡಿದೆ. ಎದಿ ನಡಗ್ತದ ಎಂದು ಅಂಗಡಿಯವನು ಹೇಳುವುದಕ್ಕೂ ನನ್ನ ಎದೆ ನಡುಗುವುದಕ್ಕೂ ಸರಿಹೋಯಿತು, ನಗು ಬಂತು, ಅಳು ಬಂತು.

ಆಯಿ, ಡಬ್ಬಿ ನಿಂತಿದೆ.

ಕರೆಯ ನಡುವೆ ನಿಂತಿತು. "ಎಷ್ಟ ಸಲ" ಎಂದು ನೀನು ಅಂದೆ, ಅಷ್ಟಕ್ಕೇ ಮುಗಿಯಿತು. ಗುಂಡಿ ಒತ್ತಿದೆ, ತಟ್ಟಿದೆ, ಸ್ಕ್ರೂ ಬಿಚ್ಚಿ ಸೆಲ್ಲನ್ನು ತೆಗೆದು ನೆಕ್ಕಿ ನೋಡಿದೆ. ಏನೂ ಇಲ್ಲ. ನಿಂಬೆವ್ವ ಈ ಹೊತ್ತಿಗೆ ಕಲ್ಲುಸಾಲಿನ ಕೊನೆಗೆ ಬಂದಿರಬೇಕು. ಆ ಕೊನೆಯ ಕಲ್ಲಿನ ಮೇಲೆ ನಿಂತು ನಿನಗಾಗಿ ಕಿವಿ ಕೊಟ್ಟಿರಬೇಕು. ಕಲ್ಲನ್ನು ಬಿಟ್ಟು ಬರಲು ನೀನು ಬೇಕು, ಕಲ್ಲಿನ ಮೇಲೇ ಉಳಿದರೆ ಸಂಜೆಗೆ ಮಣ್ಣು ಅವಳನ್ನು ಮುಚ್ಚುತ್ತದೆ.

ನನಗೆ ಗಂಟಲಿದೆ. ಹಲ್ಲಿಲ್ಲ, ಆದರೆ ಗಂಟಲಿದೆ. ಏಣಿ ಹತ್ತಿ ನಾನು ಕರೆಯಬಹುದು. ಕರೆದೆ ಕೂಡ. ಕರೆದ ಮೇಲೆ ಬಾಯಿ ಮುಚ್ಚಿಕೊಂಡೆ. ನಾನು ಕರೆದರೆ ಅದು ಉಸಿರಿರುವ ದನಿ, ತಾಯಿಯ ದನಿ, ಅವಳಿಗೆ ಕಲಿಸಿದ ಸಾವಿನ ದನಿ. ಜಾಣೆ ಅವಳು. ನನ್ನ ದನಿ ಕೇಳಿದ ಕೂಡಲೇ ಬೆನ್ನು ಹಾಕಿ ದೂರ ನಡೆಯುತ್ತಾಳೆ.

ಅದಕ್ಕೆ ಲಾಡ್ಲೇಸಾಬನೂ ನಾನೂ ಸೇರಿ ಒಂದು ಉಪಾಯ ಮಾಡಿದ್ದೇವೆ. ನೀರು ಕುಡಿಯುವ ತಗಡಿನ ಚರಿಗಿಯೊಂದರ ತಳ ಒಡೆದು, ಅದರೊಳಗೆ ಬಾಯಿಟ್ಟು ನಿನ್ನ ಹಾಗೆ ಕರೆದು ನೋಡಿದೆ. ಅವನು ಹಗೇವಿನ ಆ ಮೂಲೆಯಲ್ಲಿ ಕಣ್ಣು ಮುಚ್ಚಿ ಕುಳಿತು ಕೇಳಿದ. "ಅಲ್ಲ ಕಾಶಕ್ಕ, ಅಳಬ್ಯಾಡ. ಡಬ್ಬಿ ಅಳಂಗಿಲ್ಲ." ಮತ್ತೆ ಕರೆದೆ. "ಇನ್ನೂ ಸಿಟ್ಟಲೆ ಅನ್ನು. ನೀ ಅಂದಿದ್ದು ತಾಯಿ ಅಂದಂಗ ಆಗ್ತದ." ಮತ್ತೆ ಕರೆದೆ. ರೊಟ್ಟಿ ಆರುತ್ತಿವೆ ಎಂಬ ಒಂದೇ ಚಿಂತೆ ಇರುವವಳ ಹಾಗೆ, ಮಗಳು ಓಣಿಯ ತುದಿಯಲ್ಲೇ ಇದ್ದಾಳೆ, ಒಂದು ಕೂಗಿಗೆ ಬಂದೇ ಬರುತ್ತಾಳೆ ಎಂದು ಗೊತ್ತಿರುವವಳ ಹಾಗೆ ಕರೆಯಬೇಕು. ನಿನಗೆ ಅದು ಎಷ್ಟು ಸಲೀಸಾಗಿ ಬಂದಿತ್ತು. ನನಗೆ ಬರುತ್ತಿಲ್ಲ. ಐದಾರು ಸಲ ಆದ ಮೇಲೆ ಅವನು ಎದ್ದು ಹೋಗಿ ಏಣಿ ಹಿಡಿದ. ಹತ್ತಿರವಾಗಿದೆಯೋ, ಅಥವಾ ಇದಕ್ಕಿಂತ ಆಗುವುದಿಲ್ಲ ಎಂದು ಎದ್ದನೋ ನಾನು ಕೇಳಲಿಲ್ಲ.

ಇನ್ನು ಮೇಲೆ ಹೋಗಬೇಕು. ಮುಂಜಾನೆ ಬರೆದ ಬೇಡಿಕೆಯನ್ನು ಬಿಟ್ಟುಬಿಡು. ಯಾವುದನ್ನಾದರೂ ಕೊಳ್ಳು, ದೊಡ್ಡದೋ ಸಣ್ಣದೋ, ನಿನ್ನ ಕೈಗೆ ಹಿಡಿಸಿದ್ದನ್ನು ಕೊಂಡು ಮನೆಗೆ ಹೋಗು. ಗೂಟಕ್ಕೆ ಹಾಕು, ಹಾಡು ಕೇಳು, ಆರೂ ಮಂದಿ ಕೂಡಿ ನಗುತ್ತ ರೊಟ್ಟಿ ಬಡಿಯಿರಿ. ಮಗಳನ್ನು ಕರೆಯುವುದು ಮಾತ್ರ ಅದಕ್ಕೆ ಬಿಡಬೇಡ. ಹಂಚಿನ ಮೇಲಿನ ರೊಟ್ಟಿ ಕರಕಾದರೆ ಆಗಲಿ, ಎದ್ದು ಹೊಸ್ತಿಲಿಗೆ ಬಂದು ನಿನ್ನ ಬಾಯಿಂದಲೇ ಕೂಗು. ಶಿವಲೀಲಾಗೆ ನಿನ್ನ ಬರಿಗಂಟಲು ಗೊತ್ತಿರಲಿ. ಹಾಗೆ ಮಾಡಿದರೆ ಈ ಕಾರ್ಡಿನಲ್ಲಿ ಕರೆಯೇ ಇರುವುದಿಲ್ಲ, ನಾವು ಯಾರೂ ಇಷ್ಟು ದಿನ ಉಳಿದಿರುವುದಿಲ್ಲ ಎಂದು ನನಗೆ ತಿಳಿಯದೆ ಇಲ್ಲ. ತಿಳಿದೇ ಕೇಳುತ್ತಿದ್ದೇನೆ.

ಚರಿಗಿ ಕೈಯಲ್ಲಿದೆ. ಲಾಡ್ಲೇಸಾಬ ಏಣಿ ಹಿಡಿದಿದ್ದಾನೆ. ಮೇಲೆ ನಿಂತು ನಾನು ಅನ್ನಬೇಕಾದದ್ದು ನಿನ್ನ ಮಾತು, ನಿನ್ನ ಮಗಳ ಹೆಸರು. ನನ್ನ ಮಗಳ ಹೆಸರು ಒಂದು ಸಲ ಬಾಯಿ ತಪ್ಪಿ ಬಂದರೂ ಅವಳು ತಿರುಗಿ ನಡೆದುಬಿಡುತ್ತಾಳೆ. ಅದಕ್ಕೆ ಅದನ್ನು ಇಲ್ಲೇ ಬರೆದಿಟ್ಟು ಹೋಗುತ್ತೇನೆ.

ನಿಂಬೆವ್ವ. ನಿಂಬ್ಯಾ. ನನ್ನ ಚಿನ್ನಾ.